ಆರನೆಯ ಮೇಜಿನ ಕಂಪ್ಯೂಟರು

ಪೆರ್ಲದ ನಮ್ಮ ಶಾಲೆಯ ಲ್ಯಾಬಿಗೆ
ಹೊಸ ಆವೃತ್ತಿ ಬಂದದ್ದು ನನ್ನ ಬ್ಯಾಗಿನಲ್ಲಿ,
ಕೊಡೆಯ ಮಡಿಕೆಗೆ ಸಿಕ್ಕಿಕೊಂಡ ಪೆನ್‌ಡ್ರೈವಾಗಿ.
ಹಣ ಕೇಳುವುದಿಲ್ಲ ಇದು, ಕೀಲಿ ಕೇಳುವುದಿಲ್ಲ,
ಯಾರ್ಯಾರೋ ಎಲ್ಲೆಲ್ಲೋ ಕೂತು ಹೊಲಿದು
ಬೇಕಾದವರು ಉಟ್ಟುಕೊಳ್ಳಿ ಎಂದು ಬಿಟ್ಟದ್ದು.

ಹೊಸತೇನು ಎಂದು ಗಟ್ಟಿಯಾಗಿ ಓದಿದೆ ಮಕ್ಕಳಿಗೆ:
ಬೇಗ ಏಳುತ್ತದೆ. ಕರೆಂಟು ಹೋದರೂ ಬರೆದದ್ದು ಮರೆಯುವುದಿಲ್ಲ.
ಇರುಳಿಗೆ ಕಪ್ಪು ತೆರೆ.
ಮತ್ತೆ ತೀರ ಕೊನೆಗೆ, ಸಣ್ಣಕ್ಷರದಲ್ಲಿ:
ಕನ್ನಡದ ಒತ್ತು ಕಳಚಿ ಬೀಳುತ್ತಿದ್ದ ದೋಷ ಸರಿಪಡಿಸಿದೆ.

ಎಲ್ಲರೂ ತಿರುಗಿದ್ದು ಮಿಸ್ರಿಯಳ ಕಡೆಗೆ.

ಮೂರು ವರ್ಷ ಅವಳ ಹೆಸರು ತೆರೆಯ ಮೇಲೆ
ನಡು ಮುರಿದು 'ಮಿಸ್ ರಿಯ' ಆಗುತ್ತಿತ್ತು.
ಗುಡ್ ಮಾರ್ನಿಂಗ್ ಮಿಸ್ ಅಂತ
ಎದ್ದು ನಿಲ್ಲುತ್ತಿದ್ದರು ಪೋಕರಿಗಳು;
ಅವಳೂ ಕೈಯೆತ್ತಿ, ಕೂರಿ, ಎನ್ನುತ್ತಿದ್ದಳು.

ಈಗ ನೋಡು, ಎಂದೆ. ಒತ್ತಿದಳು.
ಸಕಾರದ ಅಡಿಗೆ ರಕಾರದ ಒತ್ತು
ಬೆಕ್ಕಿನ ಬಾಲದಂತೆ ಸುತ್ತಿಕೊಂಡು ಕೂತಿತು.
ಚಂದ ಉಂಟು ಟೀಚರ್, ಅಂದಳು.
ಮುಖದಲ್ಲಿ ಚಂದ ಇರಲಿಲ್ಲ.

ಆರನೆಯ ಮೇಜಿನದಕ್ಕೆ ಮಾತ್ರ ಇದು ಹಿಡಿಸಲಿಲ್ಲ.
ಅಷ್ಟು ಹಳೆಯ ಯಂತ್ರಗಳಿಗೆ ಇನ್ನು ಬೆಂಬಲ ಇಲ್ಲವಂತೆ.
ಗುಜರಿಯ ಪಟ್ಟಿಗೆ ಬರೆಯಬೇಕು.

ಬೆಲ್ಲಾಗಿ, ಲ್ಯಾಬು ಖಾಲಿಯಾಗಿ,
ಬೀಗ ಹುಡುಕುತ್ತ ಬಂದರೆ
ಆರನೆಯ ಮೇಜಿನಲ್ಲಿ ಒಬ್ಬಳೇ,
ಹಳೆಯ ಫ್ಯಾನಿನ ಗುರುಗುರು ಕೇಳುತ್ತ,
ತನ್ನ ಹೆಸರನ್ನು ನಿಧಾನ ಕುಟ್ಟುತ್ತಿದ್ದಾಳೆ.

ಸಂಜೆ ನಾಲ್ಕು ಗಂಟೆ.
ಗುಡ್ ಮಾರ್ನಿಂಗ್ ಮಿಸ್, ಎಂದೆ ಬಾಗಿಲಿಂದ.
ಕೂರಿ, ಎಂದಳು ತಿರುಗದೆ.

ಕೂತೆ.