ಕೋಷ್ಟಕ ೪.೩

ಪುಟಕ್ಕೆ ಹದಿನಾಲ್ಕು ರೂಪಾಯಿ,
ಕೋಷ್ಟಕ ಇದ್ದರೆ ಇಪ್ಪತ್ತು.
ಗೆರೆ ಎಳೆಯೋದೇನು ಪುಕ್ಕಟೆ ಬರುತ್ತಾ ಅಂತ
ರೇವಣಸಿದ್ಧನಿಗೆ ಮೊದಲೇ ಹೇಳಿದ್ದೆ.

ದಾವಣಗೆರೆಯ ಜಯದೇವ ಸರ್ಕಲ್ಲಿನ ಹಿಂದೆ
ಝೆರಾಕ್ಸ್ ಮೆಷಿನ್ನಿನ ಕಾವಿಗೆ ಬೆನ್ನು ಕೊಟ್ಟು
ಅವನ ಪ್ರಬಂಧ ಟೈಪು ಮಾಡುತ್ತಿದ್ದೇನೆ:
ನೇಪಾಳ ಬಿಟ್ಟು ಇಲ್ಲಿಗೆ ಬಂದವರು,
ಬೊಲಿವಿಯಾ ಬಿಟ್ಟು ಅರ್ಜೆಂಟೀನಾಕ್ಕೆ ಹೋದವರು,
ಆರ್ಥಿಕ ಸ್ಥಿತಿಗತಿ, ಒಂದು ತೌಲನಿಕ ಅಧ್ಯಯನ.
ಎರಡೂ ಎತ್ತರದ ಸೀಮೆ, ಎರಡಕ್ಕೂ ಕಡಲಿಲ್ಲ,
ಅದಕ್ಕೇ ಹೋಲಿಕೆ ಕೂಡಿಬಂತು ಮೇಡಂ, ಅಂದ.
ನಮಗೂ ಕಡಲಿಲ್ಲವಲ್ಲೋ, ಅಂದೆ.
ನಕ್ಕ. ಬರೆದುಕೊಳ್ಳಲಿಲ್ಲ.

ಎಡಕ್ಕೆ ನೇಪಾಳ, ಬಲಕ್ಕೆ ಬೊಲಿವಿಯಾ.
ತಿಂಗಳ ಗಳಿಕೆ. ಊರಿಗೆ ಕಳಿಸುವುದು. ಸಾಲ. ಬಾಡಿಗೆ.
ಒಂದು ಕೋಣೆಗೆ ಎಷ್ಟು ತಲೆ.

ಬಲಗಡೆಯ ಹೆಣ್ಣುಮಗಳಿಗೆ ಹೆಸರಿಲ್ಲ,
ಉತ್ತರದಾತೆ ಹದಿನೇಳು.
ಯಾರೋ ಸ್ಪ್ಯಾನಿಷಿನಲ್ಲಿ ಕೇಳಿ, ಯಾರೋ ಇಂಗ್ಲಿಷಿಗೆ ತಂದು,
ಇವನು ಕನ್ನಡಕ್ಕೆ ಇಳಿಸಿಕೊಂಡ ಅವಳ ಮಾತು:
‘ಅಂಗಿಗೆ ಇಷ್ಟು ಅಂತ ಕೊಡುತ್ತಾರೆ.
ಕಾಲರಿಗೆ ಬೇರೆ ಇಲ್ಲ.’
ನನ್ನ ಬೆರಳು ಅಲ್ಲೇ ನಿಂತವು.
ಕೇಳಬೇಕಿತ್ತು ಕಣೇ, ಕಾಲರಿಗೆ ಬೇರೆ ಕೇಳಬೇಕಿತ್ತು.

ಎಡಗಡೆಯವನು ಉತ್ತರದಾತ ಒಂಬತ್ತು.
ಜಿಲ್ಲೆ ಅಛಾಮ್, ವಯಸ್ಸು ಐವತ್ತೆರಡು,
ವೃತ್ತಿ ರಾತ್ರಿ ಕಾವಲು, ವಿನೋಬನಗರ, ಮನೆಗೆ ಐವತ್ತು.
ಹೆಸರು ಮುಚ್ಚಿದರೆ ಶಿಳ್ಳೆ ಮುಚ್ಚುತ್ತದೆಯೇ?
ಇವನು ನಮ್ಮ ಜಯಬೀರ್ ಬೋಹರಾ.
ರಾತ್ರಿ ಎರಡಕ್ಕೆ ಲೈಟುಕಂಬಕ್ಕೆ ಕೋಲು ಬಡಿದು ಹೋಗುವವನು.
ನಮ್ಮತ್ತೆ ನಿದ್ದೆಗಣ್ಣಲ್ಲೇ ‘ಬಂದ ನೋಡು ಗೂರ್ಖ’ ಅಂದು
ಮಗ್ಗುಲು ಬದಲಿಸುತ್ತಾಳೆ;
ಅವನು ಬರದ ರಾತ್ರಿ ಎದ್ದು ಕೂರುತ್ತಾಳೆ.

ತಿಂಗಳ ಐದಕ್ಕೆ ಉದ್ದನೆಯ ನೋಟ್‌ಬುಕ್ ಹಿಡಿದು ಬರುತ್ತಾನೆ.
‘ಮುಂದಿನ ತಿಂಗಳು ಬಾರಪ್ಪ’ ಅಂದವರ ಸಾಲಿಗೆ
ಒಂದು ಸೊನ್ನೆ ಸುತ್ತುತ್ತಾನೆ.
ಆ ಸೊನ್ನೆಯ ಮನೆ ಮುಂದೂ ಶಿಳ್ಳೆ ಅಷ್ಟೇ ಜೋರು.
ಇದನ್ನು ತುಂಬಲು ಕೋಷ್ಟಕದಲ್ಲಿ ಮನೆಯಿಲ್ಲ.

‘ಪತ್ನಿ: ಅವಲಂಬಿತೆ’ ಅಂತ ಬರೆದಿದ್ದಾನೆ ಹುಡುಗ.
ಧೌಲಿಯನ್ನು ನಾನು ಬಲ್ಲೆ.
ರಾಮ್ ಅಂಡ್ ಕೋ ಸರ್ಕಲ್ಲಿನ ಗೋಬಿ ಗಾಡಿಗೆ
ಮಧ್ಯಾಹ್ನದಿಂದ ಕೋಸು ಹೆಚ್ಚಿ ಗುಡ್ಡೆ ಹಾಕುತ್ತಾಳೆ, ದಿನಗೂಲಿಗೆ.
ಗಾಡಿ ಅವಳದಲ್ಲ, ಚಾಕು ಅವಳದು.
ಫೋನು ಮಾಡಿದೆ: ಏನಪ್ಪಾ, ಯಾರು ಯಾರನ್ನು ಅವಲಂಬಿಸಿದ್ದು?
ಗೈಡ್ ಸಹಿ ಹಾಕಿಬಿಟ್ಟಿದ್ದಾರೆ ಮೇಡಂ,
ಈಗ ತಿದ್ದಿದರೆ ಮೊತ್ತ ಕೂಡುವುದಿಲ್ಲ.
ಅದು ಹಾಗೇ ಉಳಿಯಿತು, ನನ್ನ ಕೈಯಿಂದಲೇ.

ಕೊನೆಯ ಸಾಲು, ಸ್ವಂತ ಮನೆ.
ಎಡಕ್ಕೆ: ಅಪೂರ್ಣ.
ಬಲಕ್ಕೂ ಅದೇ.
ಒಂದು ಸಲ ಟೈಪು ಮಾಡಿ, ಎತ್ತಿ, ಪಕ್ಕದಲ್ಲಿ ಅಂಟಿಸಿದೆ.

ಅವತ್ತೇ ಐದನೇ ತಾರೀಖು. ಅಂಗಡಿಗೇ ಬಂದ.
ಪರದೆ ತಿರುಗಿಸಿ ತೋರಿಸಿದೆ, ನೋಡು, ಇದು ನೀನು.
ಕನ್ನಡ ಓದಲು ಬಾರದು, ಆದರೂ
ಸಂತೆಯಲ್ಲಿ ತಕ್ಕಡಿ ನೋಡುವ ಹಾಗೆ ಬಗ್ಗಿ ನೋಡಿದ.
ಈ ಕಡೆ ಯಾರು ಅಕ್ಕಾ?
ಅಂಗಿ ಹೊಲಿಯುವವಳು. ದೂರದವಳು. ಅವಳದೂ ಗುಡ್ಡದ ಊರು.
ತಡೆದು ಕೇಳಿದ:
ಅವರ ಮನೆ ಮೇಲೆ ತಗಡು ಹಾಕಿದ್ರಾ?

ಇನ್ನೂ ಇಲ್ಲ, ಅಂದೆ.
ಗೋಡೆ?
ಅದು ಬರೆದಿಲ್ಲ.
ಗೋಡೆ ಎದ್ದಿರುತ್ತೆ ಬಿಡಿ, ಅಂದ,
ಅವಳಿಗಲ್ಲ, ನನಗೆ ಸಮಾಧಾನ ಹೇಳುವವನಂತೆ.

ಆಮೇಲೆ ನೋಟ್‌ಬುಕ್ ತೆರೆದ.
ನಮ್ಮ ಮನೆ ನಂಬರಿನ ಎದುರು ಎರಡು ಸೊನ್ನೆ.
ಮೈದುನ ಕೊಟ್ಟಿರಬೇಕು ಅಂದುಕೊಂಡಿದ್ದೆ,
ಅವನು ನಾನು ಕೊಟ್ಟೆ ಅಂದುಕೊಂಡಿದ್ದ.
ನೂರೈವತ್ತು ಎಣಿಸಿ ಕೊಟ್ಟೆ.
ಸೊನ್ನೆ ಅಳಿಸಲಿಲ್ಲ ಅವನು;
ಒಂದೊಂದರ ಮುಂದೆಯೂ ಒಂದು ಐದು ಬರೆದ.
ಅವರ ಐದು ನಮ್ಮ ಐದಿನ ಹಾಗಿಲ್ಲ,
ಬಾಗಿ ಏನೋ ಹೆಕ್ಕಿಕೊಳ್ಳುವವನ ಹಾಗಿದೆ.

ರೇವಣಸಿದ್ಧ ಇನ್ನೂ ಮೂವತ್ತೊಂದು ಪುಟದ ದುಡ್ಡು ಕೊಡಬೇಕು.