ಉಳಿದ ಎರಡು ತಪ್ಪು

ಕಿರಾಣಾ ಬಜಾರದ ಮ್ಯಾಲಿನ ಖೋಲಿ.
ಕೆಳಗ ತೊಗರಿಬ್ಯಾಳಿ ಧೂಳು, ಮ್ಯಾಲ ಕೂಲರಿನ ಗುರುಗುರು.
ಗುರುಪಾದಪ್ಪ ಸಾಹುಕಾರರು ಪುಕ್ಕಟ ಸಿಗೋ ಒಂದು ಬುಟ್ಟಿ ತಂದು
ನನ್ನ ಮುಂದ ಇಟ್ಟರು: ಯಾರೋ ಪರದೇಶದವರು ಹೆಣೆದ ಸಾಫ್ಟ್‌ವೇರ್.
"ಇದರಾಗ ನಮ್ಮ ರೊಟ್ಟಿ ಕೂಡ್ರಸವ್ವ. ಎಂಟ ದಿನದಾಗ."

ಕೂಡ್ರಿಸಿದೆ. ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ,
ಒಂದು ಕೇಜಿ, ಐದು ಕೇಜಿ ತೊಗರಿಬ್ಯಾಳಿ.
ಚಂದ ಕಾಣ್ತಿತ್ತು. ಕಾಣೋದೊಂದೇ ಅದಕ್ಕ ಬರ್ತಿತ್ತು ಅಂತ
ಜಗದೇವಿ ಬಂದ ದಿನ ತಿಳೀತು.

ಬ್ಯಾಂಕಿನ ಟೆಲಿಫೋನ್ ಕುರ್ಚಿ ಆಕಿದು, ಸಾಹುಕಾರರ ಹಳೇ ಗಿರಾಕಿ,
ಹುಟ್ಟಿನಿಂದ ಕಣ್ಣಿಲ್ಲ. ಫೋನು ಕಿವಿ ಹತ್ತಿರ ಹಿಡದು
ಬೆರಳು ಬಲಕ್ಕ ಸರಿಸಿದಳು. ಫೋನು ಓದ್ತು:
ಬಟನ್.
ಬಟನ್.
ಚಿತ್ರ, ಐಎಂಜಿ ಎರಡು ಸೊನ್ನೆ ನಾಲ್ಕು ಏಳು.
ಬಟನ್.
"ಇದೇನವ್ವ, ಅಂಗಿ ಹೊಲಿಯೋ ಅಂಗಡಿ ತೆಗದೀರೇನು?"

ಆ ರಾತ್ರಿ ಪುಟ ತಪಾಸಣಿಗಿ ಹಚ್ಚಿದೆ.
ನೂರಾ ನಾಲ್ವತ್ಮೂರು ತಪ್ಪು.
ಹೆಸರಿಲ್ಲದ ಖಾನೆ, ಹೆಸರಿಲ್ಲದ ಬಟನ್,
ಒಂದೇ ಗುರುತು ಹೊತ್ತ ಎರಡೆರಡು ಡಬ್ಬಿ,
ಒಂದರಿಂದ ನೇರ ನಾಲ್ಕಕ್ಕ ಹಾರಿದ ತಲೆಬರಹದ ಮೆಟ್ಟಲು.
ತಪ್ಪು ತುಂಬಿದರ ಬರೀ ಕೆಂಪು. ಕೆಂಪು ಯಾರಿಗಿ ಕೇಳಸ್ತದ?
ಕೀಬೋರ್ಡು ಈಗ ಎಲ್ಲಿ ನಿಂತದ ಅಂತ ತೋರಸೋ ಗೆರಿ
"ಅಸಹ್ಯ ಕಾಣ್ತದ" ಅಂತ ಅಳಿಸಿದಾಕಿ ನಾನೇ.

ಮೂಲ ಕೋಡಿಗಿ ಕೈ ಹಚ್ಚಬಾರದು,
ನಾಳಿ ಹೊಸ ಆವೃತ್ತಿ ಬಂದರ ನನ್ನ ಹೊಲಿಗಿ ಪೂರಾ ಬಿಚ್ತದ.
ಅದಕ್ಕ ಮಗ್ಗಲಿಗೊಂದು ಫೋಲ್ಡರ್ ಮಾಡಿ
ಕೌದಿಗಿ ತ್ಯಾಪಿ ಹಚ್ಚಿದಂಗ
ಒಂದೊಂದೇ ಪುಟ ಮ್ಯಾಲಿಂದ ಹೊಚ್ಚಿದೆ.

ಚಿತ್ರಕ್ಕ ಮಾತು ಬರೀಲಿಕ್ಕ ಕುಂತೆ. ಕೋಡಿಗಿಂತ ಅದೇ ಕಠಿಣ.
"ಜೋಳದ ರೊಟ್ಟಿ". ಅದು ಮ್ಯಾಲೇ ಬರದದ.
"ದುಂಡಗ". ಯಾರ ರೊಟ್ಟಿ ಚೌಕ ಇರ್ತದ?
ಮುಂಜಾನಿ ಕೆಳಗಿಳದು, ನೀಲಮ್ಮಕ್ಕ ಬಡಿಯೋದು ನೋಡಿ,
ಒಂದು ತುಣುಕು ತಿಂದು, ಬಂದು ಬರದೆ:
"ಹನ್ನೆರಡು ಕಡಕ್ ರೊಟ್ಟಿ, ಮ್ಯಾಲ ಬಿಳಿ ಎಳ್ಳು,
ಅಂಗೈ ಎರಡು ಕೂಡಿಸಿದಷ್ಟು ಅಗಲ. ಮುರದರ ಸಪ್ಪಳ ಆಗ್ತದ."

"ಕಣ್ಣಿಲ್ಲದ ಗಿರಾಕಿ ಎಷ್ಟ ಮಂದಿ?" ಸಾಹುಕಾರರು ಕೇಳಿದರು.
"ಒಬ್ಬಾಕಿ ಸಲುವಾಗಿ ಇನ್ನಾ ಎಂಟ ದಿನ?"
ನಾ ಮಾತಾಡಲಿಲ್ಲ. ಮೇ ತಿಂಗಳು, ಹೊತ್ತು ನೆತ್ತಿ ಮ್ಯಾಲ,
ಕಲಬುರಗಿ ಬಿಸಿಲಿಗಿ ಅವರನ್ನ ಅಂಗಡಿ ಕಟ್ಟಿ ತನಾ ಕರದು
ಹಳೇ ಪುಟ ಕೈಯಾಗ ಕೊಟ್ಟೆ. ತೆಳು ಬೂದಿ ಅಕ್ಷರ.
ಫೋನು ವಾರಿ ಮಾಡಿದರು, ಟೊಪ್ಪಿಗಿ ಮರಿ ಹಿಡದರು,
ಕಣ್ಣು ಸಣ್ಣ ಮಾಡಿದರು.
"ರೇಟು ಎಲ್ಲದನವ್ವ?"
"ಅಲ್ಲೇ ಅದರೀ."
ಆಮ್ಯಾಲ ಹೊಸಾದು ಕೊಟ್ಟೆ. ಕಪ್ಪನ್ನ ಅಕ್ಷರ.
ಅವರೂ ಮಾತಾಡಲಿಲ್ಲ. ಒಳಗ ಹೋಗಿ
ನನ್ನ ಖೋಲಿಗಿ ಒಂದು ತಂಬಿಗಿ ಮಜ್ಜಗಿ ಕಳಿಸಿದರು.

ನೂರಾ ನಾಲ್ವತ್ಮೂರು ಇಳಕೋತ ಇಳಕೋತ ಎರಡಕ್ಕ ನಿಂತು ಬಿಡ್ತು.
ಎರಡೂ ರೊಕ್ಕ ಕಟ್ಟಿಸಿಕೊಳ್ಳೋ ಕಂಪನಿ ಕಿಟಕಿಯೊಳಗಿನವು.
ಅದು ಅವರ ಮನಿ, ಒಳಗಿಂದ ಚಿಲಕ.
ಮೂರು ಸಲ ಬರದೆ. ದೂರಿನ ಸಂಖ್ಯಾ ಅಂತ
ಮೂರು ಸಂಖ್ಯಾ ಬಂದವು.

ಶುಕ್ರವಾರ ರಾತ್ರಿ ಹನ್ನೊಂದಕ್ಕ ಆರ್ಡರ್ ಬಿತ್ತು. ಹದಿನೇಳನೇದು.
ಜಗದೇವಿ, ಬ್ರಹ್ಮಪುರ.
ಕಡಕ್ ರೊಟ್ಟಿ ಒಂದು ಕಟ್ಟು, ಶೇಂಗಾ ಹಿಂಡಿ ಪಾವ್ ಕೇಜಿ.
ರೊಕ್ಕ: ಮನಿಗಿ ಬಂದಾಗ.
ಯಾಕ ಅನ್ನೋದು ನಂಗ ಗೊತ್ತದ.
ಕೆಳಗ, ನಾ ಹೆಸರಿಟ್ಟ ಖಾನೆಯಾಗ, ಆಕಿ ಬರದಿದ್ದಳು:
"ಮುರದರ ಸಪ್ಪಳ ಆಗ್ತದ ಅಂದೀರಿ.
ದಾರಿಯಾಗೇ ಆಗಲಾರದಂಗ ಕಳಸ್ರಿ."