ಐವತ್ತು ಕೆಬಿಯೊಳಗೆ

ಮೀನು ಮಾರುವ ಹೆಂಗಸರ ಸಂಘದ ಸೆಕ್ರೆಟರಿ
ಮಿರ್ಚುಬಾಯಿ ದುರ್ಗೇಕರ
ಪೆನ್‌ಡ್ರೈವನ್ನು ಕುಪ್ಪಸದೊಳಗಿಂದ ತೆಗೆದು ಮೇಜಿನ ಮೇಲಿಟ್ಟಳು.
ಇನ್ನೂ ಬೆಚ್ಚಗಿತ್ತು.
"ನಾನೂರಾ ಹನ್ನೆರಡು ಜನ. ಗುರುತಿನ ಚೀಟಿಗೆ. ನಾಳೆ ಕಡೇ ದಿನ.
ಫೋಟೋ ಐವತ್ತು ಕೆಬಿಯೊಳಗೆ ಇರಬೇಕಂತೆ.
ಕೆಬಿ ಅಂದ್ರೆ ಎಷ್ಟು ಗೋ?
ಒಂದು ಬುಟ್ಟಿಯೋ, ಒಂದು ಪಾಲೋ?"

ಒಂದೊಂದೇ ತೆರೆದು, ಕುಗ್ಗಿಸಿ, ಹೆಸರಿಟ್ಟು, ಮುಚ್ಚುತ್ತ ಕೂತರೆ
ಬೆಳಗಾದರೂ ಮಾಜಾಳಿ ಮುಗಿದು ಬಿಣಗಾ ಮುಟ್ಟುವುದಿಲ್ಲ.
ಅಂಗಡಿಯ ಶಟರು ಅರ್ಧ ಎಳೆದೆ.
ಹನ್ನೊಂದು ಸಾಲು ಬರೆದೆ:

ಇಲ್ಲಿರುವ ಪ್ರತಿಯೊಬ್ಬಳಿಗೂ
ಅಗಲ ಎಂಟುನೂರು ಚುಕ್ಕೆ ಮಾಡು.
ತೂಗು.
ಐವತ್ತು ದಾಟಿದರೆ ಗುಣಮಟ್ಟದಲ್ಲಿ ಐದು ಕಳೆ,
ಮತ್ತೆ ತೂಗು, ಮತ್ತೆ ಕಳೆ.
ಬೇರೆ ಫೋಲ್ಡರಿನಲ್ಲಿಡು
(ಹಳೆಯದರ ಮೇಲೇ ಬರೆದು ಹೋದ ವರ್ಷ
ಸದಾಶಿವಗಡದ ಒಂದು ಮದುವೆಯನ್ನೇ ಕಳೆದವಳು ನಾನು).
ಮುಂದಿನವಳು.

ಮೂರನೆಯವಳಲ್ಲೇ ನಿಂತಿತು.
ಹೆಸರಿನ ನಡುವೆ ಜಾಗ ಬಿಟ್ಟಿದ್ದರು;
ಯಂತ್ರ ಇಬ್ಬರನ್ನು ಹುಡುಕಿತು.
ತುಳಸಿ ಸಿಗಲಿಲ್ಲ, ಅಂದಿತು.
ಹರಿಕಂತ್ರ ಸಿಗಲಿಲ್ಲ, ಅಂದಿತು.
ಆಚೆಗೊಂದು ಈಚೆಗೊಂದು ಉದ್ಧರಣ ಚಿಹ್ನೆ ಕಟ್ಟಿ
ಅವಳನ್ನು ಒಬ್ಬಳು ಮಾಡಿದೆ.

ಎರಡನೇ ಸಲ ತೋಡೂರಿನ ಮೂವತ್ತೆಂಟು ಜನ
ಅಡ್ಡ ಮಲಗಿಬಿಟ್ಟಿದ್ದರು.
ತೆಗೆದ ಹುಡುಗ ಮೊಬೈಲನ್ನು ಅಡ್ಡ ಹಿಡಿದಿದ್ದ, ಅಷ್ಟೇ.
ಮೂರು ಗಂಟೆಗೆ ಎದ್ದು ಬೈತಖೋಲದ ಹರಾಜಿಗೆ ಓಡುವವರು,
ಮಧ್ಯಾಹ್ನವೂ ಬೆನ್ನು ಚಾಚದವರು.
ಎಬ್ಬಿಸಲು ಒಂದೇ ಸಾಲು ಸಾಕು, ನನಗೆ ಗೊತ್ತು.
ಮೊದಲು ಹೋಗಿ ಒಂದು ಚಾ ಕುಡಿದು ಬಂದೆ.

ಮೂರನೇ ಸಲ ಓಡಿತು.
ನಲವತ್ತನಾಲ್ಕು, ಮೂವತ್ತೊಂಬತ್ತು, ನಲವತ್ತೇಳು,
ಪರದೆಯ ಮೇಲೆ ಹರಾಜು ಕೂಗಿದ ಹಾಗೆ.
ಕೋಡಿಬಾಗ ದಾಟಿತು, ದೇವಬಾಗ ದಾಟಿತು.
ಚಿತ್ತಾಕುಲದ ಶೇವಂತಿ ತಾಂಡೇಲಳ ಹತ್ತಿರ
ತಡವರಿಸಿತು.

ನೂರಾ ನಲವತ್ತೊಂದು.
ಐದು ಕಳೆ. ಐದು ಕಳೆ.
ಎಂಬತ್ತೆಂಟು.
ಐದು ಕಳೆ.
ಅರವತ್ತನಾಲ್ಕು, ಐವತ್ತೊಂದು,
ನಲವತ್ತಾರು. ಆಯಿತು, ಅಂದಿತು.

ತೆರೆದು ನೋಡಿದೆ.
ಕೆನ್ನೆ ಚೌಕ ಚೌಕ, ಹಣೆ ಬರಿಯ ಬೂದಿ.
ಮೂಗುತಿ ಇಲ್ಲ.
ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ ಸ್ಲೇಟು.

ಸುಣ್ಣದ ಗೋಡೆ, ಬರೀ ಆಕಾಶ, ಹದಿನೆಂಟರ ಕೆನ್ನೆ,
ಇವನ್ನು ಯಂತ್ರ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ:
ಇಲ್ಲಿಂದ ಅಲ್ಲಿಯವರೆಗೆ ಎಲ್ಲ ಒಂದೇ.
ಶೇವಂತಿಯ ಮುಖದಲ್ಲಿ ಒಂದರ ಪಕ್ಕ ಇನ್ನೊಂದು ಒಂದೇ ಅಲ್ಲ.
ಪ್ರತಿ ಗೆರೆಯನ್ನೂ ಬೇರೆ ಹೇಳಬೇಕು.
ಮೇಲಾಗಿ ಬೆನ್ನ ಹಿಂದೆ ಹರವಿದ ಬಲೆ,
ಅದರ ಒಂದೊಂದು ಕಣ್ಣು.
ಸುಕ್ಕಿಗೆ ಇಷ್ಟು ತೂಕವೆಂದು ನಾನು ತಿಳಿದಿರಲಿಲ್ಲ.

ಮುಖ ತೆಗೆಯಲೋ, ಬಲೆ ತೆಗೆಯಲೋ.
ಹನ್ನೊಂದು ಸಾಲಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಮಾರ್ಕೆಟ್ಟಿಗೆ ಹೋದೆ.
ಹಳೆಯ ಬ್ಯಾನರಿನ ಬಿಳಿ ಬೆನ್ನನ್ನು
ಇಬ್ಬರು ಹಿಂದೆ ಎತ್ತಿ ಹಿಡಿದರು.
ಶೇವಂತಿ ತೀಸರೆಯ ರಾಶಿ ಬಿಟ್ಟು ಎದ್ದಳು, ಸಿಟ್ಟಿನಲ್ಲೇ.
"ಮೊನ್ನೆ ತೆಗೆದದ್ದಕ್ಕೆ ಏನಾಗಿತ್ತು?"
"ಭಾರ ಆಯ್ತು, ಆಯಿ."
"ಭಾರ? ಬುಟ್ಟಿ ಕೆಳಗಿಟ್ಟೇ ನಿಂತಿದ್ದೆನಲ್ಲ!"

ನಗಲಿಲ್ಲ ಅವಳು. ನಾನೂ ಗುಂಡಿ ಒತ್ತಿದೆ.
ಅಂಗಡಿಗೆ ಬಂದು, ಆ ಒಂದನ್ನೇ ತೆರೆದು,
ಕೈಯಿಂದಲೇ ಕುಗ್ಗಿಸಿ, ಕೈಯಿಂದಲೇ ಹೆಸರಿಟ್ಟೆ.
ನಲವತ್ತೊಂಬತ್ತು.
ಗೆರೆಗಳೆಲ್ಲ ಇವೆ. ಸಿಟ್ಟು ಇದೆ.
ಮೂಗುತಿ, ನಾಲ್ಕೇ ಚುಕ್ಕೆ, ಇದೆ.

"ಎಷ್ಟಾಯ್ತು ಗೋ?" ಮಿರ್ಚುಬಾಯಿ ಗಂಟು ಬಿಚ್ಚಿದಳು.
ತಲೆಗೆ ಎರಡು ರೂಪಾಯಿ, ಅಂದೆ,
ಶೇವಂತಿ ಆಯಿಯದು ಬಿಟ್ಟು.
"ಅವಳದ್ದು ಯಾಕೆ ಬಿಟ್ಟು?"
ಅದು ಮಶೀನಿನ ರೇಟು ಬಾಯಿ,
ಅವಳದ್ದನ್ನು ಮಶೀನು ಮಾಡಲಿಲ್ಲ.